ಫೈಲು ಎಲ್ಲಿ ನಿಂತಿದೆ?

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಮಗನೋ ಮಗಳೋ ಅಮೆರಿಕದಲ್ಲಿ ಇದ್ದಾರೆ ಅಂತ ಇಟ್ಟುಕೊಳ್ಳಿ. ಇಲ್ಲಿಂದ ಒಂದು ಮಗುವನ್ನು ದತ್ತು ತೆಗೆದುಕೊಂಡಿದ್ದಾರೆ. ಆದೇಶ ಕೈಗೆ ಬಂದಿದೆ. ಹೆಸರಿಟ್ಟಾಗಿದೆ, ನೆಂಟರಿಗೆ ಊಟ ಹಾಕಿಯೂ ಆಗಿದೆ. ಆದರೆ ಮಗುವಿಗೆ ವೀಸಾ ಬಂದಿಲ್ಲ. ತಿಂಗಳುಗಳು ಉರುಳುತ್ತಿವೆ. ಆಗ ಮನೆಯಲ್ಲಿ ಯಾರಾದರೊಬ್ಬರು ಹೇಳೇ ಹೇಳುತ್ತಾರೆ, ‘ಯಾರಾದರೂ ದೊಡ್ಡವರನ್ನು ಹಿಡಿಯೋಣ’ ಅಂತ.

ಹಿಡಿಯಿರಿ, ಬೇಡ ಅನ್ನುವುದಿಲ್ಲ. ನಾವು ಓಟು ಹಾಕಿ ಕಳಿಸಿದವರು ಇರುವುದೇ ಅದಕ್ಕೆ. ಆದರೆ ಯಾರನ್ನು ಹಿಡಿಯಬೇಕು, ಅವರ ಹತ್ತಿರ ಏನು ಕೇಳಬೇಕು ಅಂತ ಗೊತ್ತಿಲ್ಲದೆ ಹೊರಟರೆ ಚಪ್ಪಲಿ ಸವೆಯುತ್ತದೆ ಅಷ್ಟೇ. ನಾನು ಮಡಿಕೇರಿಯಲ್ಲಿ ವಕೀಲೆ. ನನ್ನ ಮೇಜಿನ ಮೇಲೆ ದತ್ತು ಕಾಗದಗಳೇ ಜಾಸ್ತಿ. ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಮೊದಲು ಫೈಲು ಎಲ್ಲಿ ನಿಂತಿದೆ ಅಂತ ತಿಳಿದುಕೊಳ್ಳಿ. ಆಮೇಲೆ, ಆ ಕಚೇರಿ ಯಾರ ಪತ್ರಕ್ಕೆ ಉತ್ತರ ಕೊಡುತ್ತದೋ ಅವರ ಬಾಗಿಲಿಗೆ ಹೋಗಿ.

ಫೈಲಿನ ದಾರಿ ಹೀಗಿದೆ. ಹೊರದೇಶದಲ್ಲಿರುವ ದಂಪತಿ ಅಲ್ಲಿನ ಅಧಿಕೃತ ಏಜೆನ್ಸಿಯಿಂದ ತಮ್ಮ ಮನೆ, ಆದಾಯ, ಆರೋಗ್ಯದ ಬಗ್ಗೆ ವರದಿ ಮಾಡಿಸುತ್ತಾರೆ. ಅದು ದೆಹಲಿಯ ಕಾರಾಗೆ, ಅಂದರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ ಬರುತ್ತದೆ. ಮಗು ಗೊತ್ತಾದ ಮೇಲೆ ಕಾರಾ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಕೊಡುತ್ತದೆ. ನಂತರ ದತ್ತು ಆದೇಶ. ಹಿಂದೆ ಇದನ್ನು ಕೋರ್ಟು ಕೊಡುತ್ತಿತ್ತು. 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ಅರ್ಜಿ ಹಾಕಿದ ಎರಡು ತಿಂಗಳೊಳಗೆ ತೀರ್ಮಾನ ಆಗಬೇಕು ಅಂತ ಕಾನೂನೇ ಹೇಳುತ್ತದೆ. ಆಮೇಲೆ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಎಲ್ಲ ನಿಯಮದಂತೆ ನಡೆದಿದೆ ಅಂತ ಕಾರಾದಿಂದ ಇನ್ನೊಂದು ಪತ್ರ. ವೀಸಾ ಎಲ್ಲಕ್ಕಿಂತ ಕೊನೆಗೆ.

ಇಷ್ಟೊಂದು ಕಾಗದ ಯಾಕೆ ಅಂತ ಕೇಳುತ್ತೀರಿ, ಅಲ್ವಾ? ಮಕ್ಕಳನ್ನು ಕದ್ದು ಮಾರುವವರು ಇದ್ದಾರೆ, ಅದಕ್ಕೆ. ಒಂದು ದೇಶದ ಮಗುವನ್ನು ಇನ್ನೊಂದು ದೇಶಕ್ಕೆ ದತ್ತು ಕೊಡುವುದರ ಬಗ್ಗೆ ದೇಶಗಳು ಮಾಡಿಕೊಂಡ 1993ರ ಹೇಗ್ ಒಪ್ಪಂದ ಹುಟ್ಟಿದ್ದೇ ಆ ಭಯದಿಂದ. ನಮ್ಮ ದೇಶದಲ್ಲಿ ಅದು 2003ರಿಂದ ಜಾರಿಯಲ್ಲಿದೆ, ಅಮೆರಿಕದಲ್ಲಿ 2008ರಿಂದ. ಹಾಗಾಗಿ ತಪಾಸಣೆಯನ್ನು ಯಾರೂ ತಪ್ಪಿಸಿ ಕೊಡಲಾರರು. ತಪಾಸಣೆ ಮುಗಿದ ಮೇಲೂ ಫೈಲು ಸುಮ್ನೆ ಕೂತಿದ್ದರೆ ಅದನ್ನು ಕೇಳಬಹುದು, ಕೇಳಲೇಬೇಕು.

ಯಾರನ್ನು ಕೇಳುವುದು? ಜಿಲ್ಲಾಧಿಕಾರಿ ಕಚೇರಿ, ಮಕ್ಕಳ ರಕ್ಷಣಾ ಘಟಕ, ಜನನ ಪ್ರಮಾಣಪತ್ರ, ಇವೆಲ್ಲ ರಾಜ್ಯದ ಕೈಯಲ್ಲಿ. ಅಲ್ಲಿ ನಿಂತಿದ್ದರೆ ನಿಮ್ಮ ಶಾಸಕರು. ಮಡಿಕೇರಿಗೆ ಒಬ್ಬರು, ವಿರಾಜಪೇಟೆಗೆ ಒಬ್ಬರು ಇದ್ದಾರೆ. ಕಾರಾ ಮತ್ತು ಪಾಸ್‌ಪೋರ್ಟ್ ಕೇಂದ್ರದ್ದು. ಅಲ್ಲಿ ನಿಂತಿದ್ದರೆ ಸಂಸದರು. ಮೈಸೂರಿಗೂ ನಮಗೂ ಸೇರಿ ಒಬ್ಬರೇ. (1956ರ ತನಕ ಕೊಡಗಿಗೆ ಸ್ವಂತ ವಿಧಾನಸಭೆಯೇ ಇತ್ತು, 24 ಸದಸ್ಯರಿದ್ದರು. ಸಂತೆಗೆ ಹೋದರೆ ಒಬ್ಬರಾದರೂ ಸಿಗುತ್ತಿದ್ದರೋ ಏನೋ. ಇರಲಿ.) ಇನ್ನು ಅಮೆರಿಕದ ವೀಸಾ ಅಮೆರಿಕದ್ದು. ಅದು ಅಲ್ಲಿ ನಿಂತಿದ್ದರೆ ನಿಮ್ಮ ಶಾಸಕರೂ ಏನೂ ಮಾಡಲಾರರು, ನಮ್ಮ ಸಂಸದರೂ ಮಾಡಲಾರರು. ಅದಕ್ಕೆ ನಿಮ್ಮ ಮಗ ವಾಸವಾಗಿರುವ ಊರಿನ ಜನಪ್ರತಿನಿಧಿಯೇ ಬೇಕು. ಇದನ್ನು ಎಷ್ಟು ಸಲ ಹೇಳಿದರೂ ಜನ ಇಲ್ಲಿನ ಬಾಗಿಲನ್ನೇ ತಟ್ಟುತ್ತಾರೆ.

ನಾಪೋಕ್ಲು ಕಡೆಯ ಒಂದು ಮನೆಯ ಕತೆ ಹೇಳುತ್ತೇನೆ. ಹೆಸರು ಬೇಡ. ಮಗ ಟೆಕ್ಸಾಸ್‌ನಲ್ಲಿ, ಅಮೆರಿಕದ ಪೌರ. ಅವನೂ ಹೆಂಡತಿಯೂ ಬೇರೆ ಜಿಲ್ಲೆಯ ದತ್ತು ಕೇಂದ್ರದಿಂದ ಒಂದು ಹೆಣ್ಣು ಮಗುವನ್ನು ಪಡೆದರು. ಎಲ್ಲ ನಿಯಮದ ಪ್ರಕಾರವೇ ಆಯಿತು. ಮಗನಿಗೆ ರಜೆ ಮುಗಿದು ವಾಪಸ್ ಹೋದ. ಸೊಸೆ ಮಗುವಿನ ಜೊತೆ ಅತ್ತೆ ಮಾವನ ಮನೆಯಲ್ಲಿ ಉಳಿದಳು. ಎರಡು ವಾರದಲ್ಲಿ ವೀಸಾ ಬರುತ್ತದೆ ಅಂದುಕೊಂಡಿದ್ದರು. ಮಳೆಗಾಲ ಶುರುವಾಯಿತು. ವೀಸಾ ಬರಲಿಲ್ಲ.

ಒಂದು ದಿನ ಸೊಸೆ ಮೊಬೈಲಿನಲ್ಲಿ ವೀಸಾ ವೆಬ್‌ಸೈಟ್ ತೆಗೆದು ನೋಡುತ್ತಾಳೆ, ‘ರಿಫ್ಯೂಸ್ಡ್’, ಅಂದರೆ ನಿರಾಕರಿಸಲಾಗಿದೆ ಅಂತ ಇದೆ! ಮನೆಯಲ್ಲಿ ಒಲೆ ಹಚ್ಚಲಿಲ್ಲ. ಈಗ ಇದನ್ನು ಎಲ್ಲರೂ ಕೇಳಿಸಿಕೊಳ್ಳಿ. ಅಮೆರಿಕದ ಕಾನೂನಿನಲ್ಲಿ 221-ಜಿ ಅಂತ ಒಂದು ಕಲಮು ಇದೆ. ಯಾವುದೋ ಕಾಗದ ಕಡಿಮೆ ಇದೆ, ಅಥವಾ ಪರಿಶೀಲನೆ ಬಾಕಿ ಇದೆ ಅಂದರೂ ಆ ಕಲಮಿನಡಿ ‘ರಿಫ್ಯೂಸ್ಡ್’ ಅಂತಲೇ ತೋರಿಸುತ್ತದೆ. ಬೇಕಾದ ಕಾಗದ ಕೊಟ್ಟರೆ ಅದೇ ಫೈಲು ಮತ್ತೆ ಓಡುತ್ತದೆ. ಆದರೆ ಇವರಿಗೆ ಏನು ಕಡಿಮೆ ಅಂತಲೇ ಗೊತ್ತಿರಲಿಲ್ಲ.

ಅಜ್ಜ ನಿವೃತ್ತ ಸುಬೇದಾರ್. ಸುಮ್ಮನೆ ಕೂರುವ ಆಸಾಮಿ ಅಲ್ಲ. ಕಾಗದಗಳನ್ನೆಲ್ಲ ಜೋಡಿಸಿ, ಪ್ರತಿ ಪುಟಕ್ಕೂ ಕೆಂಪು ಶಾಯಿಯಲ್ಲಿ ನಂಬರ್ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೊರಟರು. ವಿರಾಜಪೇಟೆಯಲ್ಲಿ ಒಂದು ಮದುವೆ. ದೊಡ್ಡ ನಾಯಕರೊಬ್ಬರು ಊಟಕ್ಕೆ ಕೂತಿದ್ದರು. ಎಲೆಯಲ್ಲಿ ಕಡಂಬುಟ್ಟು, ಪಂದಿ ಕರಿ ಬಡಿಸಿ ಆಗಿದೆ. ಅಜ್ಜ ಪಕ್ಕದಲ್ಲಿ ನಿಂತು ಕವರು ಬಿಚ್ಚಿದರು. ಪಾಪ, ಅವರು ಎಂಜಲು ಕೈಯಲ್ಲೇ ತಲೆಯಾಡಿಸಿ ‘ನೋಡೋಣ ಅಂಕಲ್’ ಅಂದರು. ಕಾಗದ ಅವರ ಪಿಎ ಜೇಬಿಗೆ ಹೋಯಿತು. ಅಲ್ಲಿಂದ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

ಅದೇ ಪತ್ರ ಮಂತ್ರಿಗಳಿಗೂ ಹೋಯಿತು. ಪರಿಚಯದ ಒಬ್ಬ ನಿವೃತ್ತ ಜನರಲ್‌ಗೂ ಹೋಯಿತು. ಕೊನೆಗೆ ನನ್ನ ಮೇಜಿಗೆ ಬಂತು. ನಾಲ್ಕು ಪುಟ. ಮೊದಲ ಪುಟದಲ್ಲಿ ಮನೆತನದ ಸೇನಾ ಸೇವೆ. ಎರಡನೆಯದರಲ್ಲಿ ತೋಟ, ಗದ್ದೆ, ಮಗನ ಓದು, ಸಂಬಳ. ಮೂರನೆಯದರಲ್ಲಿ ಮಗು ಎಷ್ಟು ಮುದ್ದಾಗಿದೆ ಅನ್ನುವ ವರ್ಣನೆ. ನಾಲ್ಕನೆಯದರಲ್ಲಿ ‘ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕು’. ಕೇಸ್ ನಂಬರ್ ಎಲ್ಲಿ? ಇಲ್ಲ. ಯಾವ ಕಚೇರಿ? ಇಲ್ಲ. ಕೊನೆಯ ಸಲ ಅಲ್ಲಿಂದ ಉತ್ತರ ಬಂದದ್ದು ಯಾವತ್ತು? ಅದೂ ಇಲ್ಲ. ಇಂಥ ಪತ್ರ ಓದಿ ಯಾವ ಜನಪ್ರತಿನಿಧಿ ಯಾರಿಗೆ ಫೋನ್ ಮಾಡಬೇಕು, ನೀವೇ ಹೇಳಿ.

ನಾನು ಟೆಕ್ಸಾಸ್‌ನಲ್ಲಿದ್ದ ಮಗನಿಗೆ ಫೋನ್ ಮಾಡಿ, ‘ನಿನ್ನ ಊರಿನ ಕಾಂಗ್ರೆಸ್ ಪ್ರತಿನಿಧಿ ಯಾರು?’ ಅಂತ ಕೇಳಿದೆ. ಕಾಂಗ್ರೆಸ್ ಅಂದರೆ ಇಲ್ಲಿನ ಪಕ್ಷ ಅಲ್ಲ, ಅಲ್ಲಿನ ಸಂಸತ್ತಿನ ಹೆಸರು. ಅವನಿಗೆ ಗೊತ್ತಿರಲಿಲ್ಲ! ಓಟು ಹಾಕುತ್ತಾನೆ, ಗೊತ್ತಿಲ್ಲ. ವಿಳಾಸದ ಪಿನ್ ಕೋಡ್ ಹಾಕಿದರೆ ಅಲ್ಲಿನ ಸಂಸತ್ತಿನ ವೆಬ್‌ಸೈಟೇ ಹೇಳುತ್ತದೆ. ಪ್ರತಿಯೊಬ್ಬ ಪ್ರತಿನಿಧಿಯ ಕಚೇರಿಯಲ್ಲೂ ಇಂಥ ಕೆಲಸಕ್ಕೇ ಸಿಬ್ಬಂದಿ ಇರುತ್ತಾರೆ. ಅವರು ಮೊದಲು ಒಂದು ಒಪ್ಪಿಗೆ ಫಾರಂ ಕಳಿಸುತ್ತಾರೆ. ‘ನನ್ನ ಫೈಲಿನ ವಿಷಯ ಇವರಿಗೆ ತಿಳಿಸಬಹುದು’ ಅಂತ ನೀವು ಸಹಿ ಹಾಕಬೇಕು. ಅಲ್ಲಿನ ಗೋಪ್ಯತೆ ಕಾನೂನು ಹಾಗಿದೆ. ಸಹಿ ಇಲ್ಲದೆ ಅವರು ಒಂದು ಹೆಜ್ಜೆಯೂ ಮುಂದಿಡುವುದಿಲ್ಲ.

ಮಗ ಫಾರಂ ತುಂಬಿದ. ಜೊತೆಗೆ ಒಂದೇ ಪುಟದ ಪತ್ರ. ಮೇಲ್ಗಡೆ ವೀಸಾ ಕೇಸ್ ನಂಬರ್. ಅದರ ಕೆಳಗೆ ವಲಸೆ ಇಲಾಖೆಯ ರಸೀದಿ ನಂಬರ್, ಮೂರು ಇಂಗ್ಲಿಷ್ ಅಕ್ಷರ, ಹತ್ತು ಅಂಕಿ ಇರುತ್ತದಲ್ಲ, ಅದು. ಸಂದರ್ಶನದ ತಾರೀಖು. ಆಮೇಲೆ ಒಂದೇ ಪ್ರಶ್ನೆ: ಯಾವ ಕಾಗದಕ್ಕಾಗಿ ಕಾಯುತ್ತಿದ್ದೀರಿ?

ಆ ಸಿಬ್ಬಂದಿ ಸೊಸೆಯ ಹತ್ತಿರವೂ ಮಾತಾಡಬೇಕು ಅಂದರು. ಅಲ್ಲಿ ಬೆಳಿಗ್ಗೆ ಒಂಬತ್ತು, ಇಲ್ಲಿ ರಾತ್ರಿ ಏಳೂವರೆ. ಕರೆಂಟ್ ಇಲ್ಲ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಸೊಸೆ ಕೊಡೆ ಹಿಡಿದು, ಮಗುವನ್ನು ಅತ್ತೆಗೆ ಕೊಟ್ಟು, ತೋಟದ ಮೇಲಿನ ರಸ್ತೆಗೆ ಹತ್ತಿ ಮಾತಾಡಿದಳು. ಜಿಗಣೆ ಬೇರೆ. ಕೆಲವು ದಿನಗಳಲ್ಲೇ ವೀಸಾ ಕಚೇರಿಯಿಂದ ಪ್ರತಿನಿಧಿಗೆ ಉತ್ತರ ಬಂತು. ಎರಡೇ ಸಾಲು. ಪಾಸ್‌ಪೋರ್ಟಿನಲ್ಲಿ ಮಗುವಿನ ಹುಟ್ಟಿದ ದಿನ 12, ದತ್ತು ಕಾಗದದಲ್ಲಿ 21. ಸರಿಪಡಿಸಿ ಕಳಿಸಿದರೆ ಮುಂದುವರಿಸುತ್ತೇವೆ.

ನೋಡಿ, ಅಷ್ಟೇ! ಅದುವರೆಗೆ ಎಲ್ಲರೂ ಅಮೆರಿಕವನ್ನು ಬೈಯುತ್ತಿದ್ದರು. ಫೈಲು ನಿಂತಿದ್ದದ್ದು ಅಲ್ಲಿ, ಸರಿಯಾಗಬೇಕಾದ ಕಾಗದ ಇದ್ದದ್ದು ಇಲ್ಲಿ. ಈಗ ಬಾಗಿಲು ಬದಲಾಯಿತು. ಪಾಸ್‌ಪೋರ್ಟ್ ಕೇಂದ್ರದ್ದು, ಆದ್ದರಿಂದ ನಮ್ಮ ಸಂಸದರ ಕಚೇರಿಗೆ ಹೋದೆವು. ಮತ್ತೆ ಒಂದೇ ಪುಟ, ಮೇಲೆ ಪಾಸ್‌ಪೋರ್ಟ್ ಫೈಲ್ ನಂಬರ್. ಅಲ್ಲಿಂದ ಒಂದು ಪತ್ರ ಹೋಯಿತು, ತಿದ್ದಿದ ಪಾಸ್‌ಪೋರ್ಟ್ ಬಂತು, ವೀಸಾ ಆಯಿತು. ಅಜ್ಜ ಈಗಲೂ ಆ ಮದುವೆಯ ಪಿಎ ಸಿಕ್ಕಿದರೆ ಮಾತಾಡಿಸುವುದಿಲ್ಲ.

ಕತೆ ಉದ್ದವಾಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಅಮೆರಿಕದಲ್ಲಿ ಒಬ್ಬರಿಗೆ ಒಬ್ಬ ಪ್ರತಿನಿಧಿ, ಇಬ್ಬರು ಸೆನೆಟರ್‌ಗಳು, ಅಂದರೆ ಅಲ್ಲಿನ ಮೇಲ್ಮನೆಯ ಸದಸ್ಯರು. ಮೂವರಿಗೂ ಒಟ್ಟಿಗೆ ಬರೆಯಬೇಡಿ. ಒಂದೇ ಪ್ರಶ್ನೆ ಮೂರು ಕಡೆಯಿಂದ ಹೋದರೆ ಯಾರೂ ಪೂರ್ತಿ ಕೈಗೆತ್ತಿಕೊಳ್ಳುವುದಿಲ್ಲ. ಇಲ್ಲಿಂದ ಅಜ್ಜಿ ತಾತ ಬರೆಯುವುದೂ ಬೇಡ, ಅಲ್ಲಿ ವಾಸವಿರುವವರೇ ಬರೆಯಬೇಕು. ಅಂಚೆಯಲ್ಲಿ ವಾಷಿಂಗ್ಟನ್‌ಗೆ ಕಳಿಸಬೇಡಿ. 2001ರಲ್ಲಿ ಆಂಥ್ರಾಕ್ಸ್ ಅನ್ನುವ ರೋಗಾಣು ತುಂಬಿದ ಲಕೋಟೆಗಳು ಬಂದ ನಂತರ ಅಲ್ಲಿನ ಸಂಸತ್ತಿಗೆ ಬರುವ ಟಪಾಲನ್ನೆಲ್ಲ ತಪಾಸಣೆ ಮಾಡಿಯೇ ಒಳಗೆ ಬಿಡುವುದು, ತಡವಾಗುತ್ತದೆ. ಪ್ರತಿನಿಧಿಯ ವೆಬ್‌ಸೈಟು, ಇಲ್ಲವೇ ಅವರ ಊರಿನ ಕಚೇರಿ ಸಾಕು. ಕೆನಡಾ, ಬ್ರಿಟನ್‌ನಲ್ಲೂ ಹೀಗೆಯೇ, ಅಲ್ಲಿನ ಸಂಸದರ ಕ್ಷೇತ್ರ ಕಚೇರಿ ಈ ಕೆಲಸ ಮಾಡುತ್ತದೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮುಖ್ಯ ವಿಷಯ. ಅಣ್ಣನ ಮಗುವನ್ನು ತಮ್ಮ ದತ್ತು ತೆಗೆದುಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. 1956ರ ಹಿಂದೂ ದತ್ತು ಕಾಯ್ದೆಯಡಿ ಒಂದು ಪತ್ರ ನೋಂದಣಿ ಮಾಡಿಸಿ, ಆಯಿತು ಅಂದುಕೊಳ್ಳುತ್ತಾರೆ. ಅಮೆರಿಕಕ್ಕೆ ಅದು ಸಾಲದು. ಅವರ ವಲಸೆ ಇಲಾಖೆಯ ಒಪ್ಪಿಗೆ ಮೊದಲು, ದತ್ತು ಆಮೇಲೆ. ದಂಪತಿಗೆ ಗ್ರೀನ್ ಕಾರ್ಡ್ ಅಥವಾ ಎಚ್-1ಬಿ ಅನ್ನುವ ಕೆಲಸದ ವೀಸಾ ಮಾತ್ರ ಇದ್ದರೆ ಈ ಹೇಗ್ ದಾರಿಯೇ ಇಲ್ಲ, ಇಬ್ಬರಲ್ಲಿ ಒಬ್ಬರಾದರೂ ಅಮೆರಿಕದ ಪೌರರಾಗಿರಬೇಕು. ಇಲ್ಲದಿದ್ದರೆ ಮಗುವಿನ ಜೊತೆ ಎರಡು ವರ್ಷ ಒಟ್ಟಿಗೆ ಬದುಕಿದ್ದನ್ನು ತೋರಿಸಬೇಕಾಗುತ್ತದೆ. ಇದು ಫೈಲು ನಿಂತದ್ದಲ್ಲ, ಕಾನೂನೇ ಹಾಗೆ. ಯಾವ ಸೆನೆಟರ್ ಹತ್ತಿರ ಅತ್ತರೂ ಆಗುವುದಿಲ್ಲ. ಊಟ ಹಾಕುವ ಮೊದಲೇ ವಿಚಾರಿಸಿ.

ಒಂದು ಮನೆಯ ತೊಂದರೆಗೆ ಒಬ್ಬ ಪ್ರತಿನಿಧಿ ಸಾಕು. ಇಡೀ ದೇಶವೇ ಬಾಗಿಲು ಹಾಕಿದರೆ ಎಲ್ಲರೂ ಸೇರಬೇಕು. 2013ರಲ್ಲಿ ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ದತ್ತು ಮಕ್ಕಳಿಗೆ ದೇಶ ಬಿಡುವ ಪರವಾನಗಿ ನಿಲ್ಲಿಸಿತು. ನೂರಾರು ಮಕ್ಕಳು ಸಿಕ್ಕಿಹಾಕಿಕೊಂಡರು. ಅಮೆರಿಕದ ಪಾಲಕರು ತಮ್ಮ ತಮ್ಮ ಪ್ರತಿನಿಧಿಗಳನ್ನು ಬಿಡದೆ ಕಾಡಿದರು, ಅವರು ಒಟ್ಟಾಗಿ ಒತ್ತಡ ಹಾಕಿದರು. 2016ರ ಹೊತ್ತಿಗೆ ಬಾಕಿ ಫೈಲುಗಳು ಹೊರಬಿದ್ದವು.

ಕೊನೆಯದಾಗಿ ದುಡ್ಡಿನ ಮಾತು. ‘ದೆಹಲಿಯಲ್ಲಿ ನಮ್ಮ ಜನ ಇದ್ದಾರೆ, ಸ್ವಲ್ಪ ಖರ್ಚಾಗುತ್ತದೆ’ ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ. ಇಲ್ಲಿನ ಸಂಸದರ ಕಚೇರಿಯಾಗಲಿ, ಅಲ್ಲಿನ ಪ್ರತಿನಿಧಿಯ ಕಚೇರಿಯಾಗಲಿ, ಪತ್ರ ಬರೆಯಲು ಒಂದು ಪೈಸೆ ಕೇಳುವುದಿಲ್ಲ. ಫೈಲು ಜಿಲ್ಲೆಯಲ್ಲೇ ಇದೆಯೋ ದಾಟಿದೆಯೋ ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಹೋಗುವಾಗ ಎಲ್ಲ ಕಾಗದದ ಜೆರಾಕ್ಸ್ ಒಯ್ಯಿರಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ. ನಮಸ್ಕಾರ.