ಹೆಸರು ಯಾವ ಪಟ್ಟಿಯಲ್ಲಿದೆ?

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಮಲೆನಾಡಿನ ಆಸ್ಪತ್ರೆಗಳಲ್ಲಿ ಒಂದಲ್ಲ ಒಂದು ಸಲ ಮಲಗಿ ಎದ್ದವರಿಗೆ ಮಲಯಾಳಿ ಸಿಸ್ಟರುಗಳ ಪರಿಚಯ ಇದ್ದೇ ಇರುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಡ್ರಿಪ್ ಹಾಕುವುದನ್ನು ಕಲಿಸಿದವರೂ ಅಂಥವರೊಬ್ಬರೇ. ‘ಊಟ ಆದ ಮೇಲೆ’, ‘ಕಫ ಕಟ್ಟಿದೆಯಾ’, ‘ಮೈಕೈ ನೋವಿದೆಯಾ’ ಎಂಬ ಮಾತುಗಳನ್ನೆಲ್ಲ ಅವರು ಒಂದು ಪುಟ್ಟ ನೋಟುಬುಕ್ಕಿನಲ್ಲಿ ಮಲಯಾಳ ಲಿಪಿಯಲ್ಲಿ ಬರೆದಿಟ್ಟುಕೊಂಡು, ರಾತ್ರಿ ಪಾಳಿಯಲ್ಲಿ ವಾರ್ಡು ಸದ್ದಡಗಿದ ಮೇಲೆ ಬಾಯಿಪಾಠ ಮಾಡುತ್ತಿದ್ದರು. ಹೊರನಾಡಿನಿಂದ ಬಂದ ದಾದಿ ಮೊದಲು ಕಲಿಯಬೇಕಾದದ್ದು ರೋಗಿಯ ಮಾತನ್ನು, ನಿಜ. ಆದರೆ ಮಾತು ಬಂದ ಮಾತ್ರಕ್ಕೆ ಮೇಟ್ರನ್ ಕುರ್ಚಿ, ಅಂದರೆ ಆಸ್ಪತ್ರೆಯ ದಾದಿಯರ ಮುಖ್ಯಸ್ಥೆಯ ಸ್ಥಾನ, ಸಿಗುವುದಿಲ್ಲ. ಆ ಕುರ್ಚಿಯ ದಾರಿ ಎಲ್ಲಿಂದ ಆರಂಭವಾಗುತ್ತದೆ ಎಂಬುದಕ್ಕೆ ಹೊರನಾಡಿನಿಂದ ಬ್ರಿಟನ್ನಿಗೆ ಬಂದ ಡ್ಯಾಫ್ನಿ ಸ್ಟೀಲ್ ಎಂಬ ದಾದಿಯ ವೃತ್ತಿಜೀವನ ಒಳ್ಳೆಯ ಸಾಕ್ಷಿ.

ಡ್ಯಾಫ್ನಿ ಹುಟ್ಟಿದ್ದು 1927ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದ, ದಕ್ಷಿಣ ಅಮೆರಿಕದ ಗಯಾನಾದಲ್ಲಿ. 1838ರಿಂದ ನಮ್ಮ ದೇಶದ ಬಡವರನ್ನು ಕೂಲಿ ಕರಾರಿನ ಮೇಲೆ ಹಡಗಿನಲ್ಲಿ ತುಂಬಿ ಕಬ್ಬಿನ ತೋಟಗಳಿಗೆ ಸಾಗಿಸಿದ ಗಯಾನಾ ಅದೇ. ಅಲ್ಲಿನ ಜಾರ್ಜ್‌ಟೌನಿನಲ್ಲಿ ಶುಶ್ರೂಷೆಯ ತರಬೇತಿ ಪಡೆದ ಅವರು 1951ರಲ್ಲಿ ಇಂಗ್ಲೆಂಡಿಗೆ ಬಂದರು. 1948ರ ಜುಲೈ 5ರಂದು ಆರಂಭವಾಗಿದ್ದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ದಾದಿಯರು ಸಾಲದೆ, ಆ ಸರ್ಕಾರ ತನ್ನ ವಸಾಹತುಗಳ ಹೆಣ್ಣುಮಕ್ಕಳನ್ನು ಕರೆಸಿಕೊಳ್ಳುತ್ತಿದ್ದ ಕಾಲವದು. ಲಂಡನ್ನಿನ ಬ್ಯಾಲಮ್ ಭಾಗದ ಸೇಂಟ್ ಜೇಮ್ಸ್ ಆಸ್ಪತ್ರೆಯಲ್ಲಿ ಡ್ಯಾಫ್ನಿ ಮತ್ತೆ ವಿದ್ಯಾರ್ಥಿನಿಯಾದರು.

ಇಲ್ಲಿ ಸ್ವಲ್ಪ ನಿಂತು ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಬ್ರಿಟನ್ನಿನಲ್ಲಿ ಆಗ ದಾದಿಯರ ಹೆಸರು ಬರೆಯಲು ಎರಡು ಪಟ್ಟಿಗಳಿದ್ದವು. 1919ರ ಕಾನೂನಿನಿಂದ ಬಂದ ಮೊದಲನೆಯ ಪಟ್ಟಿಗೆ ಸೇರಲು ಮೂರು ವರ್ಷ ಓದಬೇಕಿತ್ತು. ವಾರ್ಡ್ ಸಿಸ್ಟರ್, ಮೇಟ್ರನ್ ಮುಂತಾದ ಹುದ್ದೆಗಳೆಲ್ಲ ಆ ಪಟ್ಟಿಯವರಿಗೇ. ಎರಡನೆಯದು 1943ರ ಕಾನೂನಿನಿಂದ ಬಂದದ್ದು, ಎರಡು ವರ್ಷದ ತರಬೇತಿಯದು. ರೋಗಿಯ ಮೈ ಒರೆಸುವುದರಿಂದ ಹಿಡಿದು ಎಲ್ಲ ಕೆಲಸವನ್ನೂ ಅವರಿಂದ ಮಾಡಿಸುತ್ತಿದ್ದರು, ಆದರೆ ಬಡ್ತಿಯ ಮೆಟ್ಟಿಲು ಮಾತ್ರ ಬೇಗನೆ ಮುಗಿದುಹೋಗುತ್ತಿತ್ತು. ಕೆರಿಬಿಯನ್ ನಾಡುಗಳಿಂದ ಬಂದ ಎಷ್ಟೋ ಹುಡುಗಿಯರನ್ನು, ಈ ವ್ಯತ್ಯಾಸ ಅವರಿಗೆ ಗೊತ್ತಾಗುವ ಮೊದಲೇ, ಎರಡನೆಯ ಪಟ್ಟಿಯ ತರಬೇತಿಗೆ ಸೇರಿಸಲಾಯಿತು. ಆ ಅರ್ಹತೆಗೆ ಅವರ ತಾಯ್ನಾಡಿನಲ್ಲೂ ಮಾನ್ಯತೆ ಇಲ್ಲವೆಂದು ತಿಳಿಯುವಷ್ಟರಲ್ಲಿ ವರ್ಷಗಳು ಕಳೆದಿರುತ್ತಿದ್ದವು. ಇದನ್ನು ಬರೀ ಅಚಾತುರ್ಯ ಎನ್ನಲು ನನಗೆ ಮನಸ್ಸೊಪ್ಪದು. ಕೈಗಳು ಬೇಕು, ಕುರ್ಚಿ ಕೊಡುವುದು ಬೇಡ ಎಂಬ ಲೆಕ್ಕಾಚಾರ ಅದರಲ್ಲಿ ಎದ್ದು ಕಾಣುತ್ತದೆ.

ಡ್ಯಾಫ್ನಿಯವರ ಹೆಸರು ಮೊದಲ ಪಟ್ಟಿಯಲ್ಲಿತ್ತು. ನಡುವೆ ಕೆಲವು ವರ್ಷ ಅಮೆರಿಕದಲ್ಲಿ ದುಡಿದು ಇಂಗ್ಲೆಂಡಿಗೆ ಮರಳಿದ ಅವರು, 1964ರಲ್ಲಿ ಯಾರ್ಕ್‌ಷೈರಿನ ಇಲ್ಕ್ಲಿ ಪಟ್ಟಣದ ಸೇಂಟ್ ವಿನಿಫ್ರೆಡ್ಸ್ ಹೆರಿಗೆ ಆಸ್ಪತ್ರೆಯ ಮೇಟ್ರನ್ ಆದರು. ಆ ಆರೋಗ್ಯ ಸೇವೆಯಲ್ಲಿ ಮೇಟ್ರನ್ ಹುದ್ದೆಗೇರಿದ ಮೊದಲ ಕಪ್ಪು ಮಹಿಳೆ ಅವರೇ. ಸುದ್ದಿ ಹಬ್ಬಿದಾಗ ನಾನಾ ದೇಶಗಳಿಂದ ಸುಮಾರು 350 ಅಭಿನಂದನಾ ಪತ್ರಗಳು ಬಂದವಂತೆ. ಮೇಟ್ರನ್ ಎಂದರೆ ಆಗ ಸಣ್ಣ ಅಧಿಕಾರವಲ್ಲ: ಪಾಳಿ, ದಾಸ್ತಾನು, ಶುಚಿತ್ವ, ಹೊಸಬರ ತರಬೇತಿ, ಎಲ್ಲವೂ ಅವರ ಮಾತಿನಂತೆ ನಡೆಯಬೇಕು. ಇನ್ನೆರಡೇ ವರ್ಷದಲ್ಲಿ, 1966ರಲ್ಲಿ, ದಾದಿಯರ ಹಿರಿಯ ಹುದ್ದೆಗಳ ಬಗ್ಗೆ ನೇಮಕವಾಗಿದ್ದ ಸಾಮನ್ ಸಮಿತಿಯ ವರದಿ ಈ ಹಳೆಯ ಹುದ್ದೆಯ ಬದಲು ಶ್ರೇಣಿಗಳ ಆಡಳಿತ ವ್ಯವಸ್ಥೆಯನ್ನು ಸೂಚಿಸಿತು. ಬಾಗಿಲು ತೆರೆದ ಹೊತ್ತಿಗೆ ಮನೆಯನ್ನೇ ಬದಲಾಯಿಸಲು ಹೊರಟಂತೆ! ಡ್ಯಾಫ್ನಿ ಮುಂದೆ ಮನೆಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯಾಗಿಯೂ ದುಡಿದು, 2004ರಲ್ಲಿ ತೀರಿಕೊಂಡರು.

ಈಗ ಕಾಲ ಬದಲಾಗಿದೆ. ಕೇರಳದಲ್ಲಿ ಓದಿ 2011ರಲ್ಲಿ ಬ್ರಿಟನ್ನಿಗೆ ಹೋದ ಬಿಜೋಯ್ ಸೆಬಾಸ್ಟಿಯನ್ ಅವರನ್ನು ಅಲ್ಲಿನ ದಾದಿಯರ ಸಂಘವಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್‌ನ ಸದಸ್ಯರು 2024ರಲ್ಲಿ ಮತ ಹಾಕಿ ಅಧ್ಯಕ್ಷರನ್ನಾಗಿ ಆರಿಸಿದರು. 1916ರಲ್ಲಿ ಹುಟ್ಟಿದ ಈ ಸಂಸ್ಥೆ ಗಂಡಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದೇ 1960ರಲ್ಲಿ.

ಎರಡು ಪಟ್ಟಿಗಳ ಕಥೆ ನಮ್ಮ ಮನೆಯಂಗಳಕ್ಕೂ ಹೊಸದಲ್ಲ. ಎರಡು ವರ್ಷದ ಎಎನ್‌ಎಂ (ಸಹಾಯಕ ದಾದಿ ಮತ್ತು ಸೂಲಗಿತ್ತಿ ತರಬೇತಿ), ಮೂರು ವರ್ಷದ ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿ ತರಬೇತಿ), ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಎಂಬ ಕವಲುಗಳಲ್ಲಿ ಯಾವುದನ್ನು ಹಿಡಿಯುತ್ತೀರಿ ಎಂಬುದರ ಮೇಲೆ ಮುಂದಿನ ಇಡೀ ದಾರಿ ನಿಂತಿರುತ್ತದೆ. ಎಎನ್‌ಎಂ ಓದಿ ಹಳ್ಳಿಯ ಉಪಕೇಂದ್ರಕ್ಕೆ ಹೋದವರಿಗೆ ಇಂದು ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎಂಬ ಗೌರವದ ಹೆಸರಿದೆ. ಮಳೆಗಾಲದಲ್ಲಿ ಹಳ್ಳ ದಾಟಿ ಲಸಿಕೆ ಪೆಟ್ಟಿಗೆ ಹೊತ್ತೊಯ್ಯುವವರು ಅವರೇ. ಅವರ ಕೆಲಸ ಕಡಿಮೆಯದೆಂದು ಹೇಳಿದವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಆದರೆ ಆಸ್ಪತ್ರೆಯ ಶುಶ್ರೂಷಾ ಅಧೀಕ್ಷಕಿಯಾಗುವ ಆಸೆ ಇರುವವಳಿಗೆ ಆ ದಾರಿ ಬಲು ಸುತ್ತು.

ಹೊಸನಗರದ ಕಡೆಯ ಹುಡುಗಿಯೊಬ್ಬಳು ಅಂಕಪಟ್ಟಿ ಹಿಡಿದು ನಮ್ಮ ಮನೆಗೆ ಬಂದಿದ್ದಳು. ಎರಡು ವರ್ಷದ್ದಾದರೆ ಬೇಗ ಸಂಬಳ ಬರುತ್ತದೆಂದು ಅಪ್ಪಯ್ಯ ಹೇಳುತ್ತಾರೆ ಎಂದಳು. ಜಗಲಿಯಲ್ಲಿ ಕೂತಿದ್ದ ಆ ಅಪ್ಪಯ್ಯನಿಗೆ ನಾನು ಬ್ರಿಟನ್ನಿನ ಎರಡು ಪಟ್ಟಿಗಳ ಕಥೆಯನ್ನು ಸಾವಕಾಶವಾಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಅದೆಲ್ಲ ಸರಿ ಸಿಸ್ಟರೇ, ಆ ಹೆಚ್ಚಿನ ಒಂದು ವರ್ಷಕ್ಕೆ ಫೀಸು ಎಷ್ಟಾಗುತ್ತದೆ?” ಎಂದರು. ಸರ್ಕಾರಿ ಸೀಟಿನ ಅರ್ಜಿಯನ್ನು ಅಲ್ಲೇ ಕೂತು ತುಂಬಿದೆವು.

ನಮಸ್ಕಾರ.