ಅತ್ತೆ-ಮಾವನ ಆರೈಕೆಗೆ ಕಂಪನಿ ರಜೆ ಕೊಡಲೇಬೇಕಾ?

[ನಿರೂಪಕಿ ಕ್ಯಾಮೆರಾ ಮುಂದೆ]

ಎಲ್ಲರಿಗೂ ನಮಸ್ಕಾರ. ಮಾವನಿಗೆ ಬೈಪಾಸ್ ಆಪರೇಷನ್ ಆಗಿದೆ, ಪಕ್ಕದಲ್ಲಿ ನೀವೇ ಇರಬೇಕು ಅಂದುಕೊಳ್ಳಿ. ರಜೆ ಕೇಳೋಕೆ ಹೋದ್ರೆ ಎಚ್‌ಆರ್‌ನವರ ಮೊದಲ ಪ್ರಶ್ನೆ: ‘ಅವರು ನಿಮಗೆ ಏನಾಗಬೇಕು?’ ಆರೈಕೆ ರಜೆಯ ಅರ್ಧ ತಕರಾರು ಇರೋದು ಇದೊಂದೇ ಪ್ರಶ್ನೆಯಲ್ಲಿ. ಉತ್ತರ ದೇಶದಿಂದ ದೇಶಕ್ಕೆ ಬದಲಾಗುತ್ತೆ.

[ಪರದೆ ಮೇಲೆ: ಅಮೆರಿಕ, ಎಫ್‌ಎಂಎಲ್‌ಎ, 1993]

ಅಮೆರಿಕದ ಎಫ್‌ಎಂಎಲ್‌ಎ, ಅಂದ್ರೆ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ, ವರ್ಷಕ್ಕೆ 12 ವಾರ ರಜೆ ಕೊಡುತ್ತೆ. ಯಾರ ಆರೈಕೆಗೆ? ಗಂಡ ಅಥವಾ ಹೆಂಡತಿ, ಮಕ್ಕಳು, ಹೆತ್ತವರು. ಅತ್ತೆ-ಮಾವ ಇಲ್ಲ, ಒಡಹುಟ್ಟಿದವರೂ ಇಲ್ಲ. ಮಕ್ಕಳಿಗೂ 18 ತುಂಬಿತು ಅಂದ್ರೆ, ಅಂಗವೈಕಲ್ಯದಿಂದ ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದಿದ್ದರೆ ಮಾತ್ರ. ಆದ್ರೆ ಒಂದು ದಾರಿ ಇದೆ. ಚಿಕ್ಕಂದಿನಲ್ಲಿ ಅಜ್ಜಿಯೇ ತಾಯಿಯ ಜಾಗದಲ್ಲಿ ನಿಂತು ನಿಮ್ಮನ್ನ ಸಾಕಿದ್ರೆ, ಈ ಕಾನೂನಿನ ಲೆಕ್ಕದಲ್ಲಿ ಅಜ್ಜಿ ತಾಯಿಗೆ ಸಮ. ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಕೇಳೋದೇ ಇಲ್ಲ.

ಜಪಾನ್‌ನಲ್ಲಿ ಅತ್ತೆ-ಮಾವ ಸೇರ್ತಾರೆ. ಅಜ್ಜ-ಅಜ್ಜಿ, ಅಣ್ಣ-ತಂಗಿ, ಮೊಮ್ಮಕ್ಕಳೂ ಕೂಡ. ಒಬ್ಬೊಬ್ಬರ ಆರೈಕೆಗೆ ಒಟ್ಟು 93 ದಿನ, ಮೂರು ಕಂತಿನವರೆಗೆ ಒಡೆದು ತಗೋಬಹುದು.

ಬ್ರಿಟನ್ ಇನ್ನೂ ಮುಂದೆ ಹೋಗಿದೆ. 2024ರ ಏಪ್ರಿಲ್ 6ರಿಂದ ಜಾರಿಯಲ್ಲಿರೋ ಅಲ್ಲಿನ ನಿಯಮದ ಪ್ರಕಾರ ಒಂದೇ ಮನೆಯಲ್ಲಿ ವಾಸಿಸೋರು, ಅಷ್ಟೇ ಏಕೆ, ಆರೈಕೆಗೆ ನಿಮ್ಮನ್ನೇ ನಂಬಿಕೊಂಡಿರೋ ಪಕ್ಕದ ಮನೆಯವರೂ ಲೆಕ್ಕಕ್ಕೆ ಬರಬಹುದು. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಹಕ್ಕು. ನನ್ನ ಪ್ರಕಾರ ವ್ಯಾಖ್ಯಾನದಲ್ಲಿ ಇದೇ ಅತ್ಯುತ್ತಮ. ಆದ್ರೆ ಕೊಡೋದು ವರ್ಷಕ್ಕೆ ಒಂದೇ ವಾರ, ಅದೂ ಸಂಬಳ ಇಲ್ಲದೆ! ಜೊತೆಗೆ ಇನ್ನೊಂದು ಷರತ್ತು: ಕಾಯಿಲೆ ಮೂರು ತಿಂಗಳಿಗಿಂತ ಹೆಚ್ಚು ಕಾಡುವಂಥದ್ದಾಗಿರಬೇಕು, ಇಲ್ಲಾ ಅಂಗವೈಕಲ್ಯ, ಮುಪ್ಪು ಇರಬೇಕು. ಆರೇ ವಾರದಲ್ಲಿ ಚೇತರಿಸಿಕೊಳ್ಳೋ ಮಾವನ ಆರೈಕೆಗೆ ಈ ರಜೆ ಸಿಗೋದು ಅನುಮಾನ.

ಭಾರತದ ಕೇಂದ್ರ ಸರ್ಕಾರಿ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನದ ಶಿಶುಪಾಲನಾ ರಜೆ ಇದೆ. ಮಹಿಳೆಯರಿಗೆ, ಒಂಟಿ ತಂದೆಯರಿಗೆ. ಮೊದಲ 365 ದಿನ ಪೂರ್ತಿ ಸಂಬಳ, ಉಳಿದ 365ಕ್ಕೆ ಶೇಕಡಾ 80. ಉದಾರವಾದ ರಜೆಯೇ, ಆದ್ರೆ ಅದು ಮಕ್ಕಳಿಗಷ್ಟೇ. ಹಾಸಿಗೆ ಹಿಡಿದ ಅಪ್ಪ-ಅಮ್ಮನಿಗಾಗಿ ಅದನ್ನ ಮುಟ್ಟೋ ಹಾಗಿಲ್ಲ.

[ಪರದೆ ಮೇಲೆ: ಸಂಬಳ?]

ಜಪಾನ್‌ನಲ್ಲಿ ಉದ್ಯೋಗ ವಿಮೆಯಿಂದ ಸಂಬಳದ ಶೇಕಡಾ 67ರಷ್ಟು ಬರುತ್ತೆ. ಆಸ್ಟ್ರೇಲಿಯಾದಲ್ಲಿ ಪೂರ್ಣಾವಧಿ ನೌಕರರಿಗೆ ಸ್ವಂತ ಕಾಯಿಲೆ, ಮನೆಯವರ ಆರೈಕೆ ಎರಡಕ್ಕೂ ಸೇರಿ ವರ್ಷಕ್ಕೆ 10 ದಿನ, ಸಂಬಳ ಸಮೇತ. ಯುರೋಪಿಯನ್ ಒಕ್ಕೂಟದಲ್ಲಿ ಕನಿಷ್ಠ 5 ಕೆಲಸದ ದಿನ. ಸಂಬಳ ಕೊಡಬೇಕಾ ಬೇಡವಾ ಅನ್ನೋದು ಆಯಾ ದೇಶಕ್ಕೆ ಬಿಟ್ಟಿದ್ದು.

ಅಮೆರಿಕದ 12 ವಾರಕ್ಕೆ ಈ ಕಾಯ್ದೆಯಡಿ ಸಂಬಳ ಇಲ್ಲ. ಸಂಬಳವೇ ಇಲ್ಲದ ಮೇಲೆ ಅದೆಂಥ ಹಕ್ಕು ಅಂತೀರಾ? ವಾಪಸ್ ಬಂದಾಗ ಅದೇ ಹುದ್ದೆ ಅಥವಾ ಅದಕ್ಕೆ ಸಮನಾದ ಹುದ್ದೆ ಕೊಡಲೇಬೇಕು. ಅಲ್ಲಿವರೆಗೆ ಕಂಪನಿಯ ಆರೋಗ್ಯ ವಿಮೆ ನಿಲ್ಲಿಸೋ ಹಾಗಿಲ್ಲ. ಅಂದ್ರೆ ರಾಜೀನಾಮೆ ಕೊಡದೆ ಆಸ್ಪತ್ರೆಯಲ್ಲಿ ಕೂರಬಹುದು. ಆದ್ರೆ ನೀವು ಆ ಕಂಪನಿಯಲ್ಲಿ 12 ತಿಂಗಳು ಕೆಲಸ ಮಾಡಿರಬೇಕು, ಹಿಂದಿನ ವರ್ಷದಲ್ಲಿ 1,250 ಗಂಟೆ ದುಡಿದಿರಬೇಕು, ನಿಮ್ಮ ಕೆಲಸದ ಜಾಗದಿಂದ 75 ಮೈಲಿ ಒಳಗೆ ಕಂಪನಿಗೆ ಕನಿಷ್ಠ 50 ನೌಕರರಿರಬೇಕು. ಸಣ್ಣ ಕಂಪನಿಯವರಿಗೆ ಇಲ್ಲೇ ಬಾಗಿಲು ಮುಚ್ಚುತ್ತೆ.

ಇನ್ನೊಂದು ಮಾತು, ಇದು ತುಂಬಾ ಉಪಯೋಗಕ್ಕೆ ಬರೋದು. 12 ವಾರವನ್ನ ಒಟ್ಟಿಗೇ ತಗೋಬೇಕಿಲ್ಲ. ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದ್ರೆ, ಆ ದಿನಗಳಲ್ಲಿ ಬೇಕಾದಷ್ಟು ಗಂಟೆ ಮಾತ್ರ ರಜೆ ಹಾಕಬಹುದು.

[ಪರದೆ ಮೇಲೆ: ಕೇಳೋದು ಹೇಗೆ?]

ಅಮೆರಿಕದಲ್ಲಿ ಮೊದಲೇ ಗೊತ್ತಿರೋ ಆಪರೇಷನ್‌ಗೆ 30 ದಿನ ಮುಂಚೆ ತಿಳಿಸಬೇಕು, ದಿಢೀರ್ ಆದ್ರೆ ಆದಷ್ಟು ಬೇಗ. ವೈದ್ಯರ ಪ್ರಮಾಣಪತ್ರ ಕೇಳಿದ್ರೆ ಸಾಮಾನ್ಯವಾಗಿ 15 ದಿನದ ಗಡುವು. ಬ್ರಿಟನ್‌ನಲ್ಲಿ ಪುರಾವೆ ಕೇಳೋ ಹಾಗೇ ಇಲ್ಲ. ರಜೆಯನ್ನ ಮುಂದೂಡಬಹುದು, ನಿರಾಕರಿಸೋಕೆ ಆಗಲ್ಲ.

ಯಾವ ದೇಶವಾದ್ರೂ ಬಾಯಿಮಾತಲ್ಲಿ ಮುಗಿಸಬೇಡಿ. ಯಾರಿಗೆ ಹುಷಾರಿಲ್ಲ, ಯಾವತ್ತಿಂದ, ಎಷ್ಟು ದಿನ ಅಂತ ಇಮೇಲ್ ಹಾಕಿ, ಪ್ರತಿಯನ್ನ ಸ್ವಂತ ಖಾತೆಗೂ ಕಳಿಸಿಕೊಳ್ಳಿ. ಎಫ್‌ಎಂಎಲ್‌ಎ ರಜೆಯನ್ನ ಗೈರುಹಾಜರಿಯ ಲೆಕ್ಕಕ್ಕೆ ಹಾಕೋದು, ಅದನ್ನೇ ನೆಪ ಮಾಡಿ ಬಡ್ತಿ ತಪ್ಪಿಸೋದು ಕಾನೂನುಬಾಹಿರ. ಹಾಗೇನಾದ್ರೂ ಆದ್ರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಕೋರ್ಟಿಗೆ ಹೋಗೋದಾದ್ರೆ ಸಾಮಾನ್ಯವಾಗಿ ಎರಡು ವರ್ಷದೊಳಗೆ ಹೋಗಬೇಕು.