ಹಿತ್ತಲ ಕೋಳಿಯ ಆಹಾರದಲ್ಲಿ ಉಪ್ಪು ಮತ್ತು ಸುಣ್ಣದಂಶ

ಮಾನ್ಯರೇ,

ಹಿತ್ತಲಲ್ಲಿ ನಾಲ್ಕೋ ಹತ್ತೋ ಕೋಳಿ ಸಾಕಿಕೊಂಡಿರುವವರು ನನ್ನನ್ನು ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ. ಕೋಳಿಗೆ ಉಪ್ಪು ಕೊಡಬಹುದೇ? ಅಂಗಡಿಯ ಟಾನಿಕ್ಕಿನ ಬದಲು ಮನೆಯಲ್ಲಿ ಸಿಗುವ ಏನನ್ನು ಕೊಡಬಹುದು? ಯಾವುದನ್ನು ನಾವು ಅಳೆದು ಕೊಡಬೇಕು, ಯಾವುದನ್ನು ಕೋಳಿಯ ಕೊಕ್ಕಿಗೇ ಬಿಡಬಹುದು ಎಂಬುದು ತಿಳಿದರೆ ಎರಡಕ್ಕೂ ಉತ್ತರ ಸಿಕ್ಕಂತೆ.

ಮೊದಲು ಉಪ್ಪಿನ ವಿಷಯ. ಕೋಳಿಗೆ ಉಪ್ಪು ವಿಷವೆಂದು ಹಲವರು ನಂಬಿದ್ದಾರೆ. ಅಳತೆ ಮೀರಿದರೆ ಅದು ನಿಜ, ಆದರೆ ಉಪ್ಪೇ ಇಲ್ಲದಿದ್ದರೂ ಕೋಳಿ ಬಾಳದು. ರಾಗಿ, ಮುಸುಕಿನ ಜೋಳ, ಅಕ್ಕಿ ನುಚ್ಚು, ತೌಡು ಇವುಗಳಲ್ಲಿ, ಉಪ್ಪಿನಿಂದ ಸಿಗುವ ಸೋಡಿಯಂ ಎಂಬ ಅಂಶ ತೀರಾ ಕಡಿಮೆ. ತಿಪ್ಪೆ ಕೆದಕಿ ಹುಳು ಹುಪ್ಪಟೆ ಹೆಕ್ಕಿ ತಿನ್ನುವ ಊರ ಕೋಳಿ ಆ ಕೊರತೆಯನ್ನು ಬಹುಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಪಟ್ಟಣದ ಮನೆಯ ಹಿಂದೆ ಬಲೆ ಕಟ್ಟಿ ಸಾಕಿದ ಕೋಳಿಗೆ ಆ ದಾರಿಯಿಲ್ಲ. ಜೋಳ ಮತ್ತು ನುಚ್ಚನ್ನಷ್ಟೇ ತಿಂದು ಬೆಳೆದ ಅಂಥ ಒಂದು ಗುಂಪನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಹೇಂಟೆಯ ಬಾಲದ ಬುಡದಲ್ಲಿ ಒಂದು ಗರಿಯೂ ಉಳಿದಿರಲಿಲ್ಲ, ಚರ್ಮ ಕೆಂಪಗೆ ಹಸಿಯಾಗಿತ್ತು, ಉಳಿದವು ಸುತ್ತ ನಿಂತು ಅಲ್ಲಿಗೇ ಕುಕ್ಕುತ್ತಿದ್ದವು. ಒಂದನ್ನೊಂದು ಕುಕ್ಕುವುದಕ್ಕೆ ಇಕ್ಕಟ್ಟು, ಪ್ರೋಟೀನಿನ ಕೊರತೆ ಮುಂತಾದ ಕಾರಣಗಳೂ ಇರುತ್ತವೆ. ಆದರೂ ಉಪ್ಪಿನ ಕೊರತೆಯನ್ನು ನಾವು ಮೊದಲಲ್ಲೇ ನೆನೆಯಬೇಕು.

ಹಾಗಾದರೆ ಎಷ್ಟು ಉಪ್ಪು ಬೇಕು? 1 ಕಿಲೋ ಮೇವಿಗೆ ಸುಮಾರು 3 ಗ್ರಾಂ, ಅಂದರೆ ಚಹಾ ಚಮಚದಲ್ಲಿ ಅರ್ಧದಷ್ಟು ಪುಡಿ ಉಪ್ಪು ಸಾಕು. ಹತ್ತು ಕೋಳಿಗಳು ದಿನಕ್ಕೆ ತಿನ್ನುವ ಮೇವೇ ಹೆಚ್ಚುಕಡಿಮೆ 1 ಕಿಲೋ ಆಗುವುದರಿಂದ, ಇದನ್ನೇ ಹತ್ತು ಕೋಳಿಗಳ ಒಂದು ದಿನದ ಅಳತೆ ಎಂದು ಇಟ್ಟುಕೊಳ್ಳಬಹುದು. ಮೊದಲು ಒಂದು ಹಿಡಿ ತೌಡಿಗೆ ಉಪ್ಪನ್ನು ಚೆನ್ನಾಗಿ ಬೆರೆಸಿ, ಆಮೇಲೆ ಆ ತೌಡನ್ನು ಇಡೀ ಮೇವಿಗೆ ಕಲಸಬೇಕು. ಕಲ್ಲುಪ್ಪನ್ನು ಹಾಗೆಯೇ ಎರಚುವುದಂತೂ ಕೂಡದು. ಕೋಳಿ ಕಾಳು ಅರೆಯಲೆಂದು ಸಣ್ಣ ಕಲ್ಲುಗಳನ್ನು ಹುಡುಕಿ ನುಂಗುವ ಜೀವಿ. ಉಪ್ಪಿನ ಹರಳೂ ಅದಕ್ಕೆ ಕಲ್ಲಿನಂತೆಯೇ ಕಂಡೀತು, ಒಂದೇ ಕೋಳಿ ಹತ್ತು ಕೋಳಿಗಳ ಪಾಲನ್ನು ನುಂಗಿಬಿಟ್ಟೀತು.

ಕಂಪನಿಯ ಸಿದ್ಧ ಮೇವಿನಲ್ಲಿ ಉಪ್ಪು ಸೇರಿಯೇ ಇರುವುದರಿಂದ ಅದಕ್ಕೆ ಮತ್ತೆ ಬೆರೆಸಬೇಡಿ. ಉಪ್ಪಿನಕಾಯಿಯ ರಸ, ಒಣಮೀನಿನ ತಲೆ, ಉಳಿದ ಸಾರು ಹಾಕುವ ಮನೆಗಳಲ್ಲೂ ಅಳತೆ ಬೇಗ ಮೀರುತ್ತದೆ. ಹಿಕ್ಕೆ ನೀರಾಗುವುದು, ಬಾಯಾರಿಕೆ ಅತಿಯಾಗುವುದು, ಕಾಲು ಸೋಲುವುದು ಉಪ್ಪು ಹೆಚ್ಚಾದುದರ ಗುರುತುಗಳು. ಮರಿಗಳು ಇದನ್ನು ದೊಡ್ಡ ಕೋಳಿಗಳಿಗಿಂತ ಕಡಿಮೆ ತಡೆಯುತ್ತವೆ. ಮೇವು ಸರಿಯಿದ್ದೂ ನೀರು ಬತ್ತಿದ ದಿನ ಅದೇ ಉಪ್ಪು ಅಪಾಯಕಾರಿಯಾಗಬಹುದು. ನಿಮ್ಮ ಬೋರ್‌ವೆಲ್ ನೀರು ನಾಲಿಗೆಗೆ ಉಪ್ಪುಪ್ಪಾಗಿದ್ದರೆ ಮೇವಿನ ಉಪ್ಪನ್ನು ಕಡಿಮೆ ಮಾಡುವುದೇ ಸರಿ.

ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂನ ಲೆಕ್ಕ ಇದಕ್ಕೆ ತಿರುಗಾಮುರುಗಾ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದುದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ, ದಿನಾ ಮೊಟ್ಟೆಯಿಡುವ ಹೇಂಟೆಗೆ 3.5ರಿಂದ 4 ಗ್ರಾಂ ಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವೆಂದು ನಾವೆಲ್ಲ ಹೆಮ್ಮೆಪಡುತ್ತೇವೆ, ಧಾನ್ಯಗಳ ನಡುವೆ ಅದು ನಿಜವೂ ಹೌದು. ಆದರೆ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 0.35 ಗ್ರಾಂ ಮಾತ್ರ. ವರ್ಷಕ್ಕೆ ಕೆಲವೇ ಡಜನ್ ಮೊಟ್ಟೆಯಿಟ್ಟು ಕಾವಿಗೆ ಕೂರುವ ನಾಟಿ ಹೇಂಟೆ ಹೇಗೋ ನಿಭಾಯಿಸೀತು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾದಂಥ ಹೆಚ್ಚು ಮೊಟ್ಟೆಯಿಡುವ ತಳಿಗಳು ಮೇವಿನಲ್ಲಿ ಸಾಕಷ್ಟು ಸಿಗದಿದ್ದರೆ ತಮ್ಮ ಮೂಳೆಯಿಂದಲೇ ಸುಣ್ಣ ಕರಗಿಸಿ ಚಿಪ್ಪು ಕಟ್ಟುತ್ತವೆ. ಬೆಳಗ್ಗೆ ಗೂಡಿನಲ್ಲಿ ಸಿಗುವ, ಬೆರಳೊತ್ತಿದರೆ ತಗ್ಗುವ ತೊಗಲು ಮೊಟ್ಟೆ ಸಾಮಾನ್ಯವಾಗಿ ಆ ಕೊರತೆಯ ಸುಳಿವು.

ಸುಣ್ಣದಂಶವನ್ನು ಮೇವಿಗೆ ಬೆರೆಸುವ ಬದಲು ಬೇರೆ ಬಟ್ಟಲಲ್ಲಿಡಿ. ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದ ಸುಣ್ಣವನ್ನು ತಾನೇ ಆರಿಸಿಕೊಳ್ಳಬಲ್ಲದು, ಸಂಜೆಯ ಹೊತ್ತಿಗೆ ಅದಕ್ಕೆ ಆ ಹಸಿವು ಹೆಚ್ಚು. ಚಿಪ್ಪು ಬಹುಪಾಲು ಕಟ್ಟುವುದು ರಾತ್ರಿ. ಹಾಗಾಗಿ ನಿಧಾನವಾಗಿ ಕರಗುವ ದಪ್ಪ ಚೂರುಗಳು ನುಣ್ಣನೆಯ ಪುಡಿಗಿಂತ ಒಳ್ಳೆಯವು. ಮೇವಿನಂಗಡಿಯ ಶೆಲ್ ಗ್ರಿಟ್ (ಚಿಪ್ಪಿನ ಚೂರು) ಆಗಲಿ, ಕರಾವಳಿಯವರು ತೊಳೆದು ಕುಟ್ಟಿದ ಕಪ್ಪೆಚಿಪ್ಪಾಗಲಿ, ಬಿಸಿ ಕಾವಲಿಯಲ್ಲಿ ಹುರಿದು ಚೂರುಮಾಡಿದ ಮೊಟ್ಟೆಚಿಪ್ಪಾಗಲಿ ನಡೆಯುತ್ತದೆ. ಗೋಡೆಗೆ ಬಳಿಯುವ ಸುಟ್ಟ ಸುಣ್ಣವನ್ನು ಮಾತ್ರ ಎಂದಿಗೂ ಕೊಡಬೇಡಿ, ಅದು ಬಾಯಿ, ಅನ್ನನಾಳಗಳನ್ನು ಸುಡುತ್ತದೆ. ಮರಿಗಳಿಗೆ ಅತಿಯಾದ ಕ್ಯಾಲ್ಸಿಯಂ ಮೂತ್ರಪಿಂಡ ಕೆಡಿಸುತ್ತದೆ. ಬೇರೆ ಬಟ್ಟಲು ಬೇಕೆನ್ನುವುದಕ್ಕೆ ಅದೂ ಒಂದು ಕಾರಣ.

ಸೊಪ್ಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನುಗ್ಗೆ ಸೊಪ್ಪು, ಕುದುರೆ ಮೆಂತ್ಯ, ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಮೊಟ್ಟೆಯ ಹಳದಿ ಭಾಗಕ್ಕೆ ಬಣ್ಣ ಕೊಡುತ್ತವೆ, ಒಂದಷ್ಟು ಪ್ರೋಟೀನನ್ನೂ ಕೊಡುತ್ತವೆ. ಬೂಸಲು ಹಿಡಿದ ಕಡಲೆಕಾಯಿ ಹಿಂಡಿಯನ್ನು ಮಾತ್ರ, ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಹತ್ತಿರ ಸೇರಿಸಬೇಡಿ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ಹಾಳುಮಾಡುತ್ತದೆ, ಬಿಸಿಲಿಗೆ ಹಾಕಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.